ದೇಶದ ಸಾಲಕ್ಕೆ ಕಾರ್ಮಿಕರ ಪಿಎಫ್ ಏಕೆ?

ಮಾನ್ಯ ಸಂಪಾದಕರೇ,

ಶ್ರೀಲಂಕಾ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಹೇಳಿದ ಹಾಗೆ ನಡೆದು ಚೇತರಿಸಿಕೊಂಡಿದೆ ಎಂದು ಪತ್ರಿಕೆಗಳಲ್ಲಿ ಓದುತ್ತಿರುತ್ತೇನೆ. ಬೆಲೆಗಳ ಓಟ ನಿಂತಿರುವುದು ನಿಜ. ಪೆಟ್ರೋಲಿಗೆ ದಿನಗಟ್ಟಲೆ ಸಾಲು ನಿಲ್ಲುವುದೂ ತಪ್ಪಿದೆ. ಆದರೆ ಇದಕ್ಕೆ ಯಾರ ಜೇಬಿನಿಂದ ಎಷ್ಟು ಹೋಯಿತು ಎನ್ನುವುದನ್ನು ಬಿಡಿಸಿ ಬರೆದವರು ಕಡಿಮೆ.

ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ 31 ವರ್ಷ ಲೇತ್ ಮೆಷಿನ್ ಮುಂದೆ ನಿಂತು ದುಡಿದವನು. ಸಂಬಳದ ಚೀಟಿಯಲ್ಲಿ ಪಿಎಫ್ ಕಡಿತ ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು. ಕೈಗೆ ಬಂದಿದ್ದರೆ ಮಕ್ಕಳ ಫೀಸಿಗಾದರೂ ಆಗುತ್ತಿತ್ತಲ್ಲ ಅಂತ. ನಿವೃತ್ತನಾದಾಗ ಅದೇ ದುಡ್ಡಿನಲ್ಲಿ ಮಗಳ ಮದುವೆ ಸಾಲ ತೀರಿತು. ಮೇಟಗಳ್ಳಿಯ ಮನೆಯ ಹೆಂಚು ತೆಗೆದು ತಾರಸಿ ಹಾಕಿಸಿದೆ. ಹೆಂಡತಿಯ ಕಣ್ಣಿನ ಆಪರೇಷನ್ನೂ ಅದರಲ್ಲೇ ಆಯಿತು. ಅದಕ್ಕೇ ಶ್ರೀಲಂಕಾದ ಕಾರ್ಮಿಕರ ಪಿಎಫ್ ಸುದ್ದಿ ಓದಿದಾಗ ನನಗೆ ಸುಮ್ನೆ ಕೂರಲು ಆಗಲಿಲ್ಲ.

ಶ್ರೀಲಂಕಾ 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಕಂತು ನಿಲ್ಲಿಸಿತು. 2023ರ ಮಾರ್ಚ್‌ನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಕೊಟ್ಟಿತು. ಅದೂ ನಾಲ್ಕು ವರ್ಷದಲ್ಲಿ, ಕಂತು ಕಂತಾಗಿ. ಈ ಸಾಲದ ಮಾತುಕತೆ ನಡೆಯುತ್ತಿದ್ದಾಗಲೇ ಒಂದೊಂದೇ ಹೊರೆ ಏರತೊಡಗಿತ್ತು. ಸಾಮಾನಿನ ಮೇಲಿನ ತೆರಿಗೆ ವ್ಯಾಟ್ ಶೇ 8ರಿಂದ ಹತ್ತಿ ಹತ್ತಿ 2024ರ ಜನವರಿಗೆ ಶೇ 18 ಆಯಿತು. ಕರೆಂಟ್ ದರ 2022ರ ಆಗಸ್ಟ್‌ನಲ್ಲಿ ಶೇ 75, ಆರು ತಿಂಗಳಿಗೆ ಮತ್ತೆ ಶೇ 66 ಏರಿತು.

ಇದೆಲ್ಲ ಸುದ್ದಿಯಾಯಿತು. ಅಷ್ಟು ಸುದ್ದಿಯಾಗದೆ ಹೋದದ್ದು ಸರ್ಕಾರ ದೇಶದ ಒಳಗೇ ಮಾಡಿದ್ದ ಸಾಲದ ವಿಷಯ. ಆ ದೇಶದ ಪಿಎಫ್ ದುಡ್ಡಿನ ಬಹುಪಾಲು ಸರ್ಕಾರದ ಬಾಂಡ್‌ಗಳಲ್ಲಿ, ಎಂದರೆ ಸರ್ಕಾರ ಬರೆದುಕೊಟ್ಟ ಸಾಲಪತ್ರಗಳಲ್ಲಿ ಇತ್ತು. ಅಂದರೆ ಟೀ ತೋಟದಲ್ಲಿ ಎಲೆ ಕೀಳುವ ಹೆಂಗಸು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹುಡುಗಿ, ಇವರೆಲ್ಲ ತಮಗೇ ತಿಳಿಯದಂತೆ ಸರ್ಕಾರಕ್ಕೆ ಸಾಲ ಕೊಟ್ಟವರು. 2023ರಲ್ಲಿ ತನ್ನ ಸಾಲದ ಹೊರೆ ಇಳಿಸಿಕೊಳ್ಳಲು, ಆ ಬಾಂಡ್‌ಗಳನ್ನು ಹೆಚ್ಚು ವರ್ಷದ ಬಾಂಡ್‌ಗಳಿಗೆ ಬದಲಾಯಿಸಿಕೊಳ್ಳಿ ಎಂದು ಪಿಎಫ್ ನಿಧಿಗೆ ಹೇಳಿತು ಸರ್ಕಾರ. ಮೊದಲು ಶೇ 12 ಬಡ್ಡಿ, ಆಮೇಲೆ ಶೇ 9. ಒಪ್ಪದಿದ್ದರೆ ನಿಧಿಯ ಬಾಂಡ್ ಆದಾಯದ ಮೇಲಿನ ತೆರಿಗೆ ಶೇ 14 ಇದ್ದದ್ದು ಶೇ 30! ಇದನ್ನು ಸ್ವಇಚ್ಛೆ ಎನ್ನಲಾಗುತ್ತದೆಯೇ?

ಬ್ಯಾಂಕುಗಳ ಕೈಯಲ್ಲಿದ್ದ ಇಂಥ ಬಾಂಡ್‌ಗಳನ್ನು ಮುಟ್ಟಲಿಲ್ಲ. ಅವು ಆಗಲೇ ಜಾಸ್ತಿ ತೆರಿಗೆ ಕಟ್ಟುತ್ತಿವೆ, ಅವು ಅಲುಗಾಡಿದರೆ ಜನರ ಠೇವಣಿ ಹೋಗುತ್ತದೆ ಎಂದರು. ಠೇವಣಿಯ ಮಾತು ಸರಿಯೇ. ಆದರೆ ಬ್ಯಾಂಕಿಗೆ ಷೇರುದಾರರೂ ಇರುತ್ತಾರೆ, ಅಲ್ವಾ? ಅವರ ಪಾಲನ್ನು ಏಕೆ ಕೇಳಲಿಲ್ಲ? ಪಿಎಫ್ ಸದಸ್ಯರಿಗೆ ಶೇ 9ಕ್ಕಿಂತ ಕಡಿಮೆ ಬಡ್ಡಿ ಕೊಡುವುದಿಲ್ಲ ಎಂದು ಭರವಸೆ ಕೊಟ್ಟರು, ಒಪ್ಪುತ್ತೇನೆ. ಆದರೆ 2022ರ ಸೆಪ್ಟೆಂಬರ್ ಹೊತ್ತಿಗೆ ಬೆಲೆ ಏರಿಕೆ ಶೇ 70ರ ಹತ್ತಿರ ಇತ್ತು. ಹಿಂದಿನ ವರ್ಷ 100 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ 170. ಕೂಡಿಟ್ಟ ದುಡ್ಡು ಅಲ್ಲೇ ಒಮ್ಮೆ ಕರಗಿತ್ತು. ಅದೇ ಜನರ ಮೇಲೆ ಎರಡನೇ ಹೊರೆ ಹೊರಿಸಿದರು.

ಐಎಂಎಫ್ ಷರತ್ತು ಬಂದ ಮೇಲೆ ಮಾಡಲು ಏನೂ ಉಳಿಯುವುದಿಲ್ಲ ಎನ್ನುವವರಿಗೆ ನಮ್ಮ 1991 ನೆನಪಿಸುತ್ತೇನೆ. ನಾವೂ 47 ಟನ್ ಚಿನ್ನ ಅಡವಿಟ್ಟು ಐಎಂಎಫ್ ಬಾಗಿಲಿಗೆ ಹೋದವರೇ. ಆ ಜುಲೈ ಬಜೆಟ್‌ನಲ್ಲಿ ಗೊಬ್ಬರದ ಬೆಲೆ ಶೇ 40 ಏರಿಸಿದರು. ಮದ್ದೂರು ಹತ್ತಿರ ಅಪ್ಪನಿಗೆ ಒಂದೂವರೆ ಎಕರೆ ಗದ್ದೆ. ನಾಟಿ ಮುಗಿದಿತ್ತು, ಮೇಲುಗೊಬ್ಬರಕ್ಕೆ ದುಡ್ಡಿಲ್ಲ ಎಂದು ಕಾಗದ ಬರೆಸಿದ್ದರು. ದೇಶದೆಲ್ಲೆಡೆ ರೈತರ ಪರವಾಗಿ ಗಲಾಟೆಯಾಯಿತು. ಏರಿಕೆಯನ್ನು ಶೇ 30ಕ್ಕೆ ಇಳಿಸಿ, ಸಣ್ಣ ರೈತರಿಗೆ ವಿನಾಯಿತಿ ಕೊಟ್ಟರು. ಕೇಳಿದ್ದಕ್ಕೆ ಸರ್ಕಾರ ಬಗ್ಗಿತು.

ನಮ್ಮ ಪಿಎಫ್‌ನಲ್ಲೂ ದೊಡ್ಡ ಪಾಲು ಸರ್ಕಾರಿ ಬಾಂಡ್‌ಗಳಲ್ಲೇ ಇದೆ. ಇದು ನನಗೆ ತಿಳಿದದ್ದು ನಿವೃತ್ತನಾದ ಎಷ್ಟೋ ವರ್ಷಕ್ಕೆ. ನಮಗೆ ಅಂಥ ಕಷ್ಟ ಬಂದಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಬಂದರೆ ಕಾರ್ಮಿಕರ ಪಿಎಫ್ ಮುಟ್ಟುವಂತಿಲ್ಲ ಎಂದು ಈಗಲೇ ಕಾನೂನಿನಲ್ಲಿ ಬರೆಯಲಿ. ನಮ್ಮ ಭಾಗದ ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳಲಿ. ಪಿಎಫ್ ದುಡ್ಡು ಎಲ್ಲೆಲ್ಲಿ ಹೂಡಿಕೆಯಾಗುತ್ತದೆ ಎಂದು ತಮ್ಮ ಪತ್ರಿಕೆಯೂ ಸರಳ ಕನ್ನಡದಲ್ಲಿ ಒಂದು ಪುಟ ಬರೆಯಲಿ. ಮೊದಲ ಪಾಳಿಗೆ ಹೋಗುವ ಹುಡುಗರು ಮೇಟಗಳ್ಳಿಯ ಟೀ ಅಂಗಡಿಯಲ್ಲಿ ಪೇಪರ್ ಓದುತ್ತಾರೆ. ಅವರಿಗೆ ನಾನೇ ಓದಿ ಹೇಳುತ್ತೇನೆ.

– ನಿವೃತ್ತ ಕಾರ್ಮಿಕ, ಮೇಟಗಳ್ಳಿ, ಮೈಸೂರು