ಚಿತ್ರದಲ್ಲಿ ಒಂದು ಚಾವಟಿ, ಪೆಟ್ಟಿಗೆಯಲ್ಲಿ ಇನ್ನೊಂದು

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ಹಾಲಿವುಡ್ ಸಿನಿಮಾದ ಇಂಡಿಯಾನಾ ಜೋನ್ಸ್ ಪಾತ್ರದ ಚರ್ಮದ ಬುಲ್‌ವಿಪ್ (ಹೆಣೆದ ಉದ್ದ ಚಾವಟಿ) ನೀವು ಕೊಟ್ಟ ವಿವರಕ್ಕೆ ಹೊಂದುತ್ತಿಲ್ಲ, ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಿಮ್ಮಲ್ಲಿ ಆರ್ಡರ್ ಮಾಡಿದ ಬುಲ್‌ವಿಪ್ ಬಂದು ತಲುಪಿದೆ. ಹೇಳಿದ ಸಮಯಕ್ಕೇ ಬಂತು, ಪ್ಯಾಕಿಂಗ್ ಕೂಡ ಚೆನ್ನಾಗಿತ್ತು. ಆದರೆ ಒಳಗಿದ್ದದ್ದು ನೀವು ಮಾರಿದ ವಸ್ತು ಅಲ್ಲ. ನಿಮ್ಮ ಕ್ಯಾಟಲಾಗಿನಲ್ಲಿ "ಸ್ಕ್ರೀನ್ ಆಕ್ಯುರೇಟ್, ಕಾಂಗರೂ ಚರ್ಮ, 12 ಎಳೆ, 10 ಅಡಿ" ಎಂದಿದೆ. ಸ್ಕ್ರೀನ್ ಆಕ್ಯುರೇಟ್ ಎಂದರೆ ಸಿನಿಮಾದಲ್ಲಿ ಇದ್ದಂತೆಯೇ ಇರುವುದು. ಈ ನಾಲ್ಕರಲ್ಲಿ ಒಂದು ಮಾತೂ ಉಳಿಯುವುದಿಲ್ಲ.

ನಾನು ಸಿನಿಮಾ ಉಡುಪುಗಳನ್ನು ಸಂಗ್ರಹಿಸುತ್ತೇನೆ. ಈ ಪಾತ್ರದ ಟೋಪಿ, ಜಾಕೆಟ್, ಆಲ್ಡನ್ 405 ಬೂಟು, ಬ್ರಿಟಿಷ್ ಸೈನ್ಯದ ಮಾರ್ಕ್ 7 ಗ್ಯಾಸ್ ಮಾಸ್ಕ್ ಚೀಲ, ಎಲ್ಲವನ್ನೂ ಒಂದೊಂದಾಗಿ ನೋಡಿ, ಹೋಲಿಸಿ ಆರಿಸಿದ್ದೇನೆ. ಉಳಿದದ್ದು ಚಾವಟಿ ಮಾತ್ರ. ಅದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ಯಾಕೆಂದರೆ ಈ ಉಡುಪಿನಲ್ಲಿ ಮೋಸ ಮಾಡಲು ಅತಿ ಸುಲಭವಾದ ವಸ್ತು ಅದು. ಅದರ ನಿಜವಾದ ಗುಣ ಒಳಗಿರುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ.

1981, 1984 ಮತ್ತು 1989ರ ಇಂಡಿಯಾನಾ ಜೋನ್ಸ್ ಸಿನಿಮಾಗಳಿಗೆ ಚಾವಟಿ ಹೆಣೆದುಕೊಟ್ಟವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಡೇವಿಡ್ ಮಾರ್ಗನ್. ಕಾಂಗರೂ ಚರ್ಮ, 12 ಎಳೆಯ ಹೆಣಿಗೆ, ಉಕ್ಕಿನ ತಿರುಳಿರುವ 8 ಇಂಚಿನ ಹಿಡಿ, ಹಿಡಿಯ ಬುಡದಲ್ಲಿ ಟರ್ಕ್ಸ್ ಹೆಡ್ ಎಂಬ ಹೆಣೆದ ಗಂಟು, ಮಣಿಕಟ್ಟಿಗೆ ಹಾಕಿಕೊಳ್ಳುವ ಕುಣಿಕೆ. ಶಾಟ್‌ಗೆ ತಕ್ಕಂತೆ ಬೇರೆ ಬೇರೆ ಉದ್ದದವು ಬಳಕೆಯಾಗಿವೆ. ಸಂಗ್ರಹಕ್ಕೆ ಜಾಸ್ತಿ ಜನ ಕೇಳುವುದು 10 ಅಡಿಯದ್ದನ್ನು. ಇದೆಲ್ಲ ಗುಟ್ಟಿನ ವಿಷಯವಲ್ಲ. "ಸ್ಕ್ರೀನ್ ಆಕ್ಯುರೇಟ್" ಎಂದು ಬರೆಯುವವರಿಗೆ ಇಷ್ಟಾದರೂ ಗೊತ್ತಿರಬೇಕು, ಅಲ್ವಾ?

ಈಗ ನೀವು ಕಳಿಸಿದ್ದನ್ನು ನೋಡಿ. ಹಿಡಿಯ ಸುತ್ತ ಎಣಿಸಿದರೆ ಎಳೆಗಳು 8. ಒಂದೊಂದು ಎಳೆಯೂ ಅಗಲ, ಅಂಚು ದಪ್ಪ. ಬಗ್ಗಿಸಿದ ಕಡೆ ಮೇಲ್ಪದರ ಬಿರುಕು ಬಿಡುತ್ತದೆ. ಚರ್ಮದ ಕೆಲಸ ಮಾಡುವವರೊಬ್ಬರಿಗೆ ತೋರಿಸಿದೆ. ಕೈಗೆ ತೆಗೆದುಕೊಂಡ ಕೂಡಲೇ ಇದು ಹಸುವಿನ ತೊಗಲು ಎಂದರು. ಕಾಂಗರೂ ಚರ್ಮವನ್ನು ಚಾವಟಿಗೆ ಬಳಸುವುದು ಸುಮ್ನೆ ಹೆಸರಿಗಲ್ಲ. ಅದು ತೆಳ್ಳಗಿದ್ದರೂ ಗಟ್ಟಿ. ಕಿರಿದಾಗಿ ಸೀಳಿ ಬಿಗಿಯಾಗಿ ಎಳೆದರೂ ಹರಿಯುವುದಿಲ್ಲ. ಹಾಗಾಗಿಯೇ ಸಣ್ಣ ಹಿಡಿಯ ಸುತ್ತ 12 ಎಳೆ ಸಂದಿಲ್ಲದೆ ಕೂರುತ್ತವೆ. ನಿಮ್ಮ ಚಾವಟಿಯಲ್ಲಿ ಹಿಡಿ ಮುಗಿಯುವ ಜಾಗದಲ್ಲಿ ಹೆಣಿಗೆ ಬಾಯಿಬಿಟ್ಟಿದೆ. ಆ ಸಂದಿಯಲ್ಲಿ ಬಿಳಿ ಹತ್ತಿ ಹಗ್ಗ ಕಾಣುತ್ತದೆ. ಉಗುರಿನಲ್ಲಿ ಒತ್ತಿದರೆ ಮೆತ್ತಗಿದೆ.

ಉದ್ದದ ಲೆಕ್ಕವೂ ಸರಿಯಿಲ್ಲ. ಬುಲ್‌ವಿಪ್ ಅಳೆಯುವುದು ಹಿಡಿಯ ಬುಡದಿಂದ ಹೆಣಿಗೆ ಮುಗಿಯುವವರೆಗೆ. ಮುಂದೆ ಕಟ್ಟುವ ಫಾಲ್ ಎಂಬ ಒಂಟಿ ಪಟ್ಟಿ, ಅದರ ತುದಿಯ ಕ್ರ್ಯಾಕರ್ ದಾರ, ಇವೆರಡೂ ಸವೆದಾಗ ಬದಲಿಸುವಂಥವು. ಅಳತೆಗೆ ಅವು ಸೇರುವುದಿಲ್ಲ. ನೀವು ಎರಡನ್ನೂ ಸೇರಿಸಿ 10 ಅಡಿ ಮಾಡಿದ್ದೀರಿ. ಹೆಣಿಗೆ 7 ಅಡಿಗೇ ನಿಂತಿದೆ. ಇನ್ನು ಬಣ್ಣ. ಬಿಳಿ ಬಟ್ಟೆಯಲ್ಲಿ ಒಮ್ಮೆ ಒರೆಸಿದ್ದಕ್ಕೆ ಬಟ್ಟೆ ಕಂದು ಬಣ್ಣವಾಯಿತು. ಇದನ್ನು ಖಾಕಿ ಅಂಗಿಯ ಮೇಲೆ ಹೇಗೆ ತೂಗುಹಾಕಲಿ?

ಇಷ್ಟನ್ನೂ ಫೋಟೋ ಸಮೇತ ನಿಮ್ಮ ಸಿಬ್ಬಂದಿಗೆ ಬರೆದಿದ್ದೆ. "ಪ್ರದರ್ಶನಕ್ಕೆ ಇಡುವ ವಸ್ತುವಿಗೆ ಇಷ್ಟು ಸಾಕು, ಯಾರೂ ಬೀಸುವುದಿಲ್ಲವಲ್ಲ" ಎಂಬ ಉತ್ತರ ಬಂತು. ಈ ಪತ್ರ ಬರೆಯಲು ಮುಖ್ಯ ಕಾರಣ ಆ ಉತ್ತರವೇ. ಸರಿಯಾದ ಚಾವಟಿಯ ಒಳಗೆ ಚರ್ಮದ್ದೇ ಇನ್ನೊಂದು ಹೆಣಿಗೆ ಇರುತ್ತದೆ. ಹಿಡಿಯಿಂದ ತುದಿಗೆ ಹೋಗುತ್ತಾ ಅದು ಸಣ್ಣಗಾಗುತ್ತದೆ, ಮೇಲಿನ ಎಳೆಗಳನ್ನೂ ದಾರಿಯಲ್ಲಿ ಜೋಡಿ ಜೋಡಿಯಾಗಿ ಕಡಿಮೆ ಮಾಡುತ್ತಾರೆ. ಬೀಸಿದ ಶಕ್ತಿ ಹಾಗೆ ತೆಳುವಾಗುವ ತುದಿಗೆ ಹರಿದು, ತುದಿ ಶಬ್ದದ ವೇಗವನ್ನೇ ದಾಟುತ್ತದೆ. ಆ ಚಟಾರ್ ಸದ್ದು ಬರುವುದು ಅದರಿಂದ. ಬೀಸದೆ ಸುತ್ತಿ ಎಡ ಸೊಂಟಕ್ಕೆ ತೂಗುಹಾಕಿದಾಗಲೂ ಅದೇ ಕಟ್ಟೋಣ ಕಣ್ಣಿಗೆ ಬೀಳುತ್ತದೆ. ಹಿಡಿಯ ಬಳಿ ದಪ್ಪ ಸುತ್ತು, ಆಮೇಲೆ ಸಪೂರ ಸುತ್ತು, ಎಲ್ಲ ತೂಕಕ್ಕೆ ಇಳಿಬಿದ್ದು ಒಂದರ ಪಕ್ಕ ಒಂದು ಕೂರುತ್ತವೆ. ನಿಮ್ಮದು ಉದ್ದಕ್ಕೂ ಒಂದೇ ದಪ್ಪ. ಉಡುಪು ತೊಡಿಸಿದ ಬೊಂಬೆಯ ಸೊಂಟಕ್ಕೆ ಹಾಕಿದರೆ ಬಾವಿ ಹಗ್ಗದ ಸುರುಳಿಯಂತೆ ಸೆಟೆದು ನಿಲ್ಲುತ್ತದೆ. ಪ್ರದರ್ಶನಕ್ಕೆ ಇಡುವವರಿಗೇ ಈ ವ್ಯತ್ಯಾಸ ಮೊದಲು ಕಾಣುವುದು.

ಮತ್ತೆ, ಯಾರೂ ಬೀಸುವುದಿಲ್ಲ ಎಂದು ನೀವು ಹೇಗೆ ಹೇಳುತ್ತೀರಿ? ಕೊಂಡವರ ಮನೆಯಲ್ಲಿ ಮಕ್ಕಳಿರುತ್ತಾರೆ, ಸ್ನೇಹಿತರು ಬರುತ್ತಾರೆ. ನನ್ನ ಬಳಿ ಇರುವುದರ ಹಿಡಿಯಲ್ಲಿ ಉಕ್ಕಿಲ್ಲ, ಮರದ ಕಡ್ಡಿ ಇದೆ. ಬುಡದಲ್ಲಿ ಅದು ಅಲ್ಲಾಡುತ್ತದೆ. ಕುಣಿಕೆಯನ್ನು ಗಂಟಿನೊಳಗೆ ಅಂಟಿನಿಂದ ಕೂರಿಸಿದ್ದಾರೆ, ಸ್ವಲ್ಪ ಎಳೆದಿದ್ದಕ್ಕೆ ಒಂದು ಕಡೆ ಕಿತ್ತು ಬಂತು. ಜೋರಾಗಿ ಬೀಸಿದಾಗ ಹಿಡಿ ಮುರಿದರೆ ಮುಖಕ್ಕೇ ಪೆಟ್ಟು.

ಹಸುವಿನ ತೊಗಲಿನ 8 ಎಳೆಯ ಚಾವಟಿ ಮಾರುವುದು ತಪ್ಪಲ್ಲ. ಗಟ್ಟಿಯಾಗಿ ಮಾಡಿದ್ದರೆ ಹೊಸದಾಗಿ ಕಲಿಯುವವರಿಗೆ, ಕಡಿಮೆ ಖರ್ಚಿನಲ್ಲಿ ವೇಷ ಹಾಕುವವರಿಗೆ ಅದೇ ಬೇಕು. ಅದನ್ನು ಅದೇ ಹೆಸರಿನಲ್ಲಿ, ಅದಕ್ಕೆ ತಕ್ಕ ಬೆಲೆಗೆ ಮಾರಿ. ಕಾಂಗರೂ ಚರ್ಮದ ಬೆಲೆ ಹಾಕಿ ಹಗ್ಗಕ್ಕೆ ತೊಗಲು ಸುತ್ತಿ ಕಳಿಸುವುದು ಮೋಸ. ನಿಮ್ಮ ಕ್ಯಾಟಲಾಗಿನ ಚಿತ್ರವನ್ನೇ ದೊಡ್ಡದು ಮಾಡಿ ನೋಡಿ. ಅದರಲ್ಲಿರುವ ಚಾವಟಿ ತುದಿಯ ಕಡೆಗೆ ಚೆನ್ನಾಗಿ ಸಣ್ಣಗಾಗುತ್ತದೆ. ಅದು ನನಗೆ ಬಂದ ಮಾಲಲ್ಲ.

"ಪ್ಯಾಕೆಟ್ ತೆರೆದ ಮೇಲೆ ವಾಪಸ್ ಇಲ್ಲ" ಎಂಬ ನಿಮ್ಮ ನಿಯಮ ಇಲ್ಲಿ ನಡೆಯುವುದಿಲ್ಲ. ತೆರೆಯದೆ ಎಳೆ ಎಣಿಸಲು ಯಾರಿಂದಲೂ ಆಗದು. ವಿವರಕ್ಕೆ ಹೊಂದದ ಮಾಲು ಕಳಿಸಿದವರು ನೀವು. ಪೂರ್ತಿ ಹಣ ಮತ್ತು ವಾಪಸ್ ಕಳಿಸುವ ಖರ್ಚು ಎರಡನ್ನೂ ನೀವೇ ಕೊಡಬೇಕು. ಬದಲಿ ಚಾವಟಿ ಕಳಿಸುತ್ತೇವೆ ಎನ್ನುವುದಾದರೆ, ಕಳಿಸುವ ಮುಂಚೆ ಅದೇ ಚಾವಟಿಯ ಹಿಡಿ, ತುದಿ ಮತ್ತು ಹೆಣಿಗೆಯ ಪಕ್ಕದಲ್ಲಿ ಟೇಪು ಇಟ್ಟು ತೆಗೆದ ಫೋಟೋ ಕಳಿಸಿ. ಒಳಗೆ ಏನು ತುಂಬಿದ್ದೀರಿ, ಹೆಣೆದವರು ಯಾರು ಎಂಬುದನ್ನೂ ಬರೆದು ತಿಳಿಸಿ. ಅದನ್ನು ನೋಡಿದ ಮೇಲೆ ಒಪ್ಪುವುದು ಬಿಡುವುದು ನನಗೆ ಬಿಟ್ಟದ್ದು. ಜೊತೆಗೆ ಕ್ಯಾಟಲಾಗಿನ ವಿವರವನ್ನು ಈಗಲೇ ತಿದ್ದಿ. ಇನ್ನೊಬ್ಬರು ಇದೇ ಚಿತ್ರ ನೋಡಿ ಹಣ ಕಟ್ಟಬಾರದು.

ಬಿಲ್ಲಿನ ಪ್ರತಿ, ನಿಮ್ಮ ಸಿಬ್ಬಂದಿಯ ಉತ್ತರ, ಅಳತೆ ಮಾಡಿದ ಫೋಟೋಗಳು ಇದರ ಜೊತೆಗಿವೆ. ಚಾವಟಿಯನ್ನು ಬಂದ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ, ತೆಗೆದುಕೊಂಡು ಹೋಗಲು ಯಾವಾಗ ಬೇಕಾದರೂ ಕಳಿಸಬಹುದು. ಎರಡು ವಾರದೊಳಗೆ ಉತ್ತರ ಬಾರದಿದ್ದರೆ ಬ್ಯಾಂಕಿನಲ್ಲಿ ಈ ಪಾವತಿಯ ಮೇಲೆ ತಕರಾರು ಹಾಕಿ, ಗ್ರಾಹಕ ನ್ಯಾಯಾಲಯಕ್ಕೂ ದೂರು ಕೊಡುತ್ತೇನೆ.

ಇತಿ,
ನಿಮ್ಮ ಗ್ರಾಹಕ