ಅಪ್‌ಡೇಟ್ ಆದರೆ ಫಾರ್ಮ್ಯಾಟೇ ಗತಿನಾ?

ಸಂಪಾದಕರೇ,

ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಹೋದ ವಾರ ರಾತ್ರಿ ಕಂಪ್ಯೂಟರ್ ತಾನೇ ಅಪ್‌ಡೇಟ್ ಆಯಿತು. ಬೆಳಿಗ್ಗೆ ನೋಡಿದರೆ ಪ್ರಿಂಟರ್ ‘ಆಫ್‌ಲೈನ್’ ಅಂತ ಹಟ ಹಿಡಿದು ಕೂತಿತ್ತು, ಎದುರಿಗೆ ಗೃಹಪ್ರವೇಶದ ಕಾರ್ಡಿಗೆ ಬಂದವರು ಗಡಿಯಾರ ನೋಡುತ್ತಾ ನಿಂತಿದ್ದರು. ಕೇಬಲ್ ಕಿತ್ತು ಹಾಕಿದೆ, ಆಫ್ ಮಾಡಿ ಆನ್ ಮಾಡಿದೆ, ಊಹೂಂ. ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಯೊಂದಕ್ಕೆ ಕಂಪ್ಯೂಟರ್ ಹೊತ್ತುಕೊಂಡು ಹೋದರೆ ಅಲ್ಲಿನ ಹುಡುಗ ಸರಿಯಾಗಿ ನೋಡಲೂ ಇಲ್ಲ, ‘ಫಾರ್ಮ್ಯಾಟ್ ಮಾಡ್ಬೇಕು ಸಾರ್, 1,500 ಆಗುತ್ತೆ’ ಅಂದ. ಫಾರ್ಮ್ಯಾಟ್ ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡುವುದು, ಹತ್ತು ವರ್ಷದ ಫೈಲುಗಳಿವೆ ಅದರಲ್ಲಿ! ವಾಪಸ್ ತಂದೆ.

ಸರಿ ಮಾಡಿದ್ದು ಪಿಯುಸಿ ಓದುವ ಮಗಳು. ಕಂಪ್ಯೂಟರಿನ ಮಾತನ್ನು ಪ್ರಿಂಟರ್‌ಗೆ ದಾಟಿಸುವ ಡ್ರೈವರ್ ಹಳೆಯದಾಗಿತ್ತಂತೆ. ಅದನ್ನು ತೆಗೆದು ತಯಾರಕರ ಜಾಲತಾಣದಿಂದ ಹೊಸದು ಹಾಕಿದಳು. ಇಪ್ಪತ್ತು ನಿಮಿಷ, ಒಂದು ಕಾಫಿ, ಅಷ್ಟೇ.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಅಪ್‌ಡೇಟ್ ಹಿಸ್ಟರಿ ತೆರೆದರೆ ತೊಂದರೆ ಕೊಡುವ ಅಪ್‌ಡೇಟನ್ನು ಎಷ್ಟೋ ಸಲ ತೆಗೆಯಬಹುದು. ವಿಂಡೋಸ್ 10ರಿಂದ 11ಕ್ಕೆ ಹೋದವರು ಹಿಂದಕ್ಕೆ ಬರಲು ಸಾಮಾನ್ಯವಾಗಿ 10 ದಿನ ಸಮಯವಿರುತ್ತದೆ. ಇದನ್ನೆಲ್ಲ ಅಂಗಡಿಯವರು ಯಾಕೆ ಹೇಳುವುದಿಲ್ಲ? ಹಾಗಂತ ಅಪ್‌ಡೇಟನ್ನೇ ನಿಲ್ಲಿಸಿ ಕೂರುವುದೂ ಸರಿಯಲ್ಲ, ಭದ್ರತೆಯ ರಿಪೇರಿ ಬರುವುದು ಅದರಲ್ಲೇ ಅಲ್ವಾ. ಮಾಡುವ ಮುಂಚೆ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.

ನಿಮ್ಮ ಪತ್ರಿಕೆಯಲ್ಲಿ ರಾಶಿ ಭವಿಷ್ಯಕ್ಕೆ ದಿನಾ ಜಾಗವಿದೆ. ವಾರಕ್ಕೊಮ್ಮೆ ಅರ್ಧ ಕಾಲಂ ಇಂಥದ್ದಕ್ಕೂ ಕೊಡಿ ಸ್ವಾಮಿ, ಕನ್ನಡದಲ್ಲೇ.

– ಒಬ್ಬ ಓದುಗ, ಚಾಮರಾಜಪೇಟೆ, ಬೆಂಗಳೂರು