ಅಪ್ಪ, ಸೈಟಿನ ಅಗ್ರಿಮೆಂಟಿಗೆ ಈಗಲೇ ಸಹಿ ಹಾಕಬೇಡಿ

ಲಂಡನ್
ಶನಿವಾರ ರಾತ್ರಿ

ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು. ನಾವು ಮೂರು ಜನವೂ ಕ್ಷೇಮ.

ರಘು ನಿನ್ನೆ ಬಂದು ನಿಮ್ಮ ಕಾಗದ, ಅಮ್ಮ ಕಳಿಸಿದ ಸಾರಿನ ಪುಡಿ, ಹಪ್ಪಳ, ಹುರಿಗಾಳು ಎಲ್ಲ ಕೊಟ್ಟ. ನಾಳೆ ಬೆಳಗ್ಗೆಯೇ ವಾಪಸ್ಸು ಹೊರಡುತ್ತಾನಂತೆ, ಅವನ ಕೈಯಲ್ಲೇ ಇದನ್ನು ಕೊಡುತ್ತೇನೆ. ಫೋನಿನಲ್ಲಾದರೆ ನೀವು "ಆಯ್ತಮ್ಮ, ನೋಡೋಣ" ಅಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನು ಎರಡು ಸಲ ಓದುತ್ತೀರಿ.

ಪುಟ್ಟಿಗೆ ಕೇಂಬ್ರಿಜ್‌ನಲ್ಲಿ ಸೀಟು ಸಿಕ್ಕಿದ್ದು ನನಗೆ ನಿಮ್ಮಷ್ಟೇ ಸಂತೋಷ. ಆದರೆ ಬನಶಂಕರಿ ಆರನೇ ಹಂತದ ಸೈಟಿಗೆ ಪಾರ್ಟಿ ಬಂದಿದ್ದಾರೆ, ಮುಂದಿನ ವಾರ ಟೋಕನ್ ಅಡ್ವಾನ್ಸ್ ಕೊಡುತ್ತಾರೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಅದರ ಕೆಳಗೇ "ನೀನು ಅಲ್ಲಿ ಎಷ್ಟು ಚೆನ್ನಾಗಿದ್ದೆ, ಅವಳೂ ಹಾಗೇ ಇರಲಿ, ದುಡ್ಡೇನು ಬರುತ್ತೆ ಹೋಗುತ್ತೆ" ಅಂತಲೂ ಬರೆದಿದ್ದೀರಿ. ಆ ಸಾಲಿಗೆ ಉತ್ತರ ಕೊಡಲೇಬೇಕು.

ನಾನು ಅಲ್ಲಿ ಮೊದಲ ವರ್ಷ ಚೆನ್ನಾಗಿರಲಿಲ್ಲ ಅಪ್ಪ. ಚೆನ್ನಾಗಿದ್ದೇನೆ ಅಂತ ನಿಮಗೆ ಬರೆಯುತ್ತಿದ್ದೆ, ಅಷ್ಟೇ.

ಬರೆದ ಸಂಗತಿಗಳೆಲ್ಲ ನಿಜವೇ. 2011ರ ಅಕ್ಟೋಬರಿನಲ್ಲಿ ಕಪ್ಪು ಗೌನು ಹಾಕಿ ತೆಗೆಸಿಕೊಂಡ ಫೋಟೋ ನಿಮ್ಮ ಟೀವಿ ಮೇಲೇ ಇದೆ. ಹುಲ್ಲಿನ ಮೇಲೆ ಮೇಷ್ಟ್ರುಗಳು ಮಾತ್ರ ನಡೆಯಬಹುದು, ನಾವು ಸುತ್ತು ಹಾಕಿಕೊಂಡು ಹೋಗಬೇಕು ಅಂತ ಬರೆದಾಗ ನೀವು ಅದನ್ನು ಇಡೀ ಗಾಂಧಿಬಜಾರಿಗೆ ಹೇಳಿದ್ದಿರಿ. ಪರೀಕ್ಷೆ ಮುಗಿದ ಮೇಲಿನ ಸಂಭ್ರಮದ ವಾರ, ಮೇ ವೀಕ್, ಬರುವುದು ಜೂನ್ ತಿಂಗಳಲ್ಲಿ ಅಂದಾಗ ಅಮ್ಮ ನಂಬಲೇ ಇಲ್ಲ. ರಾಮಾನುಜನ್ ಅವರ ಕಳೆದುಹೋದ ನೋಟ್‌ಬುಕ್ 1976ರಲ್ಲಿ ಸಿಕ್ಕಿದ್ದು ಟ್ರಿನಿಟಿ ಕಾಲೇಜಿನ ರೆನ್ ಲೈಬ್ರರಿಯಲ್ಲಿ, ಆ ಲೈಬ್ರರಿಯೊಳಗೆ ನಿಂತು ನಿಮ್ಮನ್ನು ನೆನೆಸಿಕೊಂಡು ಅತ್ತೆ ಅಂತ ಬರೆದದ್ದಂತೂ ಅಕ್ಷರಶಃ ನಿಜ.

ಬರೆಯದೇ ಇದ್ದದ್ದು ಊಟದ ಮೇಜಿನ ವಿಷಯ. ನಮ್ಮ ಕಾಲೇಜಿನಲ್ಲಿ ಶುಕ್ರವಾರ ಫಾರ್ಮಲ್ ಊಟ. ಉದ್ದನೆ ಹಾಲ್, ಲೈಟಿಲ್ಲ, ಬರೀ ಮೇಣದ ಬತ್ತಿ. ಮೇಷ್ಟ್ರುಗಳು ಬಂದಾಗ ಎಲ್ಲರೂ ಏಳಬೇಕು, ಲ್ಯಾಟಿನ್ನಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಕೂರಬೇಕು. ನನ್ನ ಗೌನು ಸೆಕೆಂಡ್ ಹ್ಯಾಂಡ್, ಕೊರಳಪಟ್ಟಿಯ ಒಳಗೆ ಬೇರೆ ಯಾರದೋ ಹೆಸರು ಹೊಲಿದಿತ್ತು. ಸಸ್ಯಾಹಾರಿ ಅಂದಿದ್ದಕ್ಕೆ ತಟ್ಟೆಯಲ್ಲಿ ಒಂದೇ ಒಂದು ದೊಣ್ಣೆಮೆಣಸಿನಕಾಯಿ, ಹೊಟ್ಟೆಯೊಳಗೆ ಅನ್ನ ತುಂಬಿದ್ದು. ಪಕ್ಕದ ಹುಡುಗ ಕೇಳಿದ, ಯಾವ ಸ್ಕೂಲು ಅಂತ. ಆಚಾರ್ಯ ಪಾಠಶಾಲೆ, ಬೆಂಗಳೂರು ಅಂದೆ. ನಸುನಕ್ಕು, ನನ್ನ ಭುಜದ ಮೇಲಿಂದ ಆಚೆ ಕೂತವಳ ಜೊತೆ ಮಾತು ಮುಂದುವರಿಸಿದ. ಕ್ರಿಸ್‌ಮಸ್ ರಜೆಗೆ ಯಾವ ಬೆಟ್ಟದಲ್ಲಿ ಸ್ಕೀಯಿಂಗು ಅನ್ನುವ ಮಾತು. ನಾನು ಆ ಮೆಣಸಿನಕಾಯಿಯನ್ನು ಮುಕ್ಕಾಲು ಗಂಟೆ ಕತ್ತರಿಸಿದೆ, ಕೈಗೆ ಏನಾದರೂ ಕೆಲಸ ಇರಲಿ ಅಂತ.

ಯಾರೂ ಅವಮಾನ ಮಾಡಲಿಲ್ಲ, ಅದನ್ನೂ ಹೇಳಬೇಕು. ಈ ದೇಶದಲ್ಲಿ ನೂರಕ್ಕೆ ಸುಮಾರು 7 ಮಕ್ಕಳು ಫೀಸು ಕಟ್ಟುವ ಖಾಸಗಿ ಶಾಲೆಗೆ ಹೋಗುತ್ತಾರೆ. ಆಗ ಕೇಂಬ್ರಿಜ್‌ಗೆ ಡಿಗ್ರಿಗೆ ಸೇರುತ್ತಿದ್ದ ಇಲ್ಲಿಯ ಹುಡುಗರಲ್ಲಿ ನೂರಕ್ಕೆ 40ರ ಹತ್ತಿರ ಅಂಥ ಶಾಲೆಗಳವರೇ. ಬರುವಾಗಲೇ ಒಬ್ಬರಿಗೊಬ್ಬರು ಪರಿಚಯ, ಅಣ್ಣತಮ್ಮಂದಿರು ಅಲ್ಲೇ ಓದಿರುತ್ತಾರೆ, ತಾತನ ಫೋಟೋ ಗೋಡೆ ಮೇಲಿರುತ್ತದೆ. ಯಾವ ಸ್ಕೂಲು ಅನ್ನುವುದು ನಮ್ಮಲ್ಲಿ ಮದುವೆ ಮನೆಯಲ್ಲಿ "ನೀವು ಯಾರ ಪೈಕಿ" ಅಂತ ಕೇಳುತ್ತಾರಲ್ಲ, ಅದೇ ಪ್ರಶ್ನೆ. ನಾನು ಹುಟ್ಟಿದಾಗಿಂದ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದ ಕಡೆಯೇ ಕೂತಿದ್ದೆ. ನ್ಯಾಷನಲ್ ಕಾಲೇಜಿನಲ್ಲಿ ಬಿಎಸ್ಸಿ ಓದುವಾಗ ಪಾವಗಡದಿಂದ ಬಂದಿದ್ದ ಒಬ್ಬ ಹುಡುಗ ಕಡೇ ಬೆಂಚಿನಲ್ಲಿ ಕೂರುತ್ತಿದ್ದ. ಮೂರು ವರ್ಷ ಒಂದೇ ಕ್ಲಾಸು. ಮಧ್ಯಾಹ್ನ ನಾವೆಲ್ಲ ಡಬ್ಬಿ ಬಿಚ್ಚಿಕೊಂಡು ಕೂತಾಗ ಅವನು ಎಲ್ಲಿ ಊಟ ಮಾಡುತ್ತಿದ್ದ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನಾವು ಒಂದು ದಿನವೂ ಕರೆಯಲಿಲ್ಲ. ಎಚ್. ನರಸಿಂಹಯ್ಯನವರಂಥವರು ಬೆಂಗಳೂರು ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆಗಿದ್ದೂ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ಜೀವನ ಕಳೆದ ಕಾಲೇಜದು! ಆ ಮೇಣದ ಬತ್ತಿ ಬೆಳಕಿನಲ್ಲಿ ನನಗೆ ಆ ಹುಡುಗನ ಮುಖ ಕಾಣುತ್ತಿತ್ತು ಅಪ್ಪ.

ಎರಡನೇ ವರ್ಷ ಎಲ್ಲ ಬದಲಾಯಿತು, ಅದನ್ನೂ ನಂಬಿ. ನಮ್ಮ ಮಹಡಿಯಲ್ಲಿ ಒಂದು ಪುಟ್ಟ ಅಡುಗೆಮನೆ, ಎರಡೇ ಎರಡು ಹಾಟ್‌ಪ್ಲೇಟು. ಒಂದು ರಾತ್ರಿ ಎಂಟಿಆರ್ ಪುಡಿ ಹಾಕಿ ಬಿಸಿಬೇಳೆಬಾತ್ ಮಾಡುತ್ತಿದ್ದೆ. ಎದುರು ರೂಮಿನ ವೇಲ್ಸ್ ಹುಡುಗಿ ವಾಸನೆಗೆ ಬಂದು ಬಾಗಿಲಲ್ಲಿ ನಿಂತಳು. ತಾತ ಕಲ್ಲಿದ್ದಲು ಗಣಿಯಲ್ಲಿದ್ದರಂತೆ, ಮನೆಯಲ್ಲಿ ಕಾಲೇಜಿಗೆ ಬಂದವಳು ಇವಳೇ ಮೊದಲು. ಎರಡು ಬಟ್ಟಲು ತಿಂದು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು, ಅವಳೂ ಫಾರ್ಮಲ್ ಊಟದಲ್ಲಿ ಯಾವ ಫೋರ್ಕು ಮೊದಲು ಅಂತ ಪಕ್ಕದವರನ್ನು ಕದ್ದು ನೋಡುತ್ತಿದ್ದಳು ಅಂತ ಹೇಳಿದಳು. ಇಂಗ್ಲಿಷ್ ಅವಳ ಮನೆ ಮಾತಿನಷ್ಟೇ ಸಲೀಸು, ಆದರೂ! ಆಮೇಲೆ ಭಾನುವಾರಗಳು ನಮ್ಮದಾದವು. ಕೀನ್ಯಾದವನೊಬ್ಬ, ಢಾಕಾದವಳೊಬ್ಬಳು ಸೇರಿಕೊಂಡರು. ರೂಮು ಗುಡಿಸಲು ಬರುತ್ತಿದ್ದ ಆಂಟಿ ಸಹ ನಿಂತುಕೊಂಡೇ ಒಂದು ಚಮಚ ರುಚಿ ನೋಡಿ ಹೋಗುತ್ತಿದ್ದರು. ಚಳಿಗಾಲದಲ್ಲಿ ನಾನು ಎರಡು ದಿನ ಹಾಸಿಗೆ ಬಿಟ್ಟು ಏಳದಿದ್ದಾಗ ಮೊದಲು ಬಾಗಿಲು ತಟ್ಟಿ ವಿಚಾರಿಸಿದವರು ಅವರೇ.

ಮತ್ತೆ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ನನಗೆ ಸ್ಕಾಲರ್‌ಶಿಪ್ ಇತ್ತು, ಆದರೂ ಟಿಕೆಟ್ಟಿಗೆ, ಕೋಟು ಬೂಟಿಗೆ ಅಮ್ಮ ಬಳೆ ಅಡ ಇಟ್ಟಿದ್ದಳು. ಅಮ್ಮನ ಬರೀ ಕೈ ನೆನೆಸಿಕೊಂಡು ಯಾವ ಬಾಯಿಂದ ಬೇಜಾರು ಅಂತ ಬರೆಯಲಿ? ಬಳೆಗೇ ಹಾಗಾದರೆ ಸೈಟಿಗೆ ಹೇಗಾಗಬೇಕು! ಅಷ್ಟು ವರ್ಷ ಅರ್ಜಿ ಹಾಕಿ ಹಾಕಿ ಬಿಡಿಎಯಿಂದ ಸಿಕ್ಕಿದ ಸೈಟು ಮಾರಿ ಕಳಿಸಿದರೆ ಪುಟ್ಟಿಯೂ ನನ್ನ ಹಾಗೇ ನಿಮಗೆ ಸುಳ್ಳು ಬರೆಯುತ್ತಾಳೆ. ನಾನು ನಾಲ್ಕು ವರ್ಷ ಇದ್ದೆ, ಒಂದು ವರ್ಷ ಹಾಳಾದರೂ ಮೂರು ಉಳಿದವು. ಅವಳ ಕೋರ್ಸು ಹತ್ತೇ ತಿಂಗಳು, ಒಂದೊಂದು ಟರ್ಮು ಎಂಟು ವಾರ. ಬೇಜಾರನ್ನು ನುಂಗಿಕೊಂಡು ಕೂರಲು ಅವಳಿಗೆ ಸಮಯವೇ ಇಲ್ಲ. ಹತ್ತು ದಿನದಲ್ಲಿ ಫೋನು ಮಾಡಿ ಅತ್ತುಬಿಡುವ ಧೈರ್ಯ ಇರಬೇಕು. ಅಳುವುದಕ್ಕೆ ಅವಳಿಗೆ ನಿಮ್ಮ ಸೈಟಿನ ಋಣ ಅಡ್ಡ ಬರಬಾರದು.

ಲೆಕ್ಕ ಹೀಗೆ. ಆಫರ್ ಲೆಟರಿನಲ್ಲಿ ಫೀಸೇ 30,000 ಪೌಂಡಿನ ಮೇಲಿದೆ, ನಮ್ಮ ರೂಪಾಯಿಯಲ್ಲಿ 30 ಲಕ್ಷ ದಾಟುತ್ತದೆ. ಊಟ, ಬಾಡಿಗೆ ಬೇರೆ. ವೀಸಾ ಜೊತೆ ಆಸ್ಪತ್ರೆಗೆ ಅಂತ ವರ್ಷಕ್ಕೆ 776 ಪೌಂಡು ಮೊದಲೇ ಕಟ್ಟಿಸಿಕೊಳ್ಳುತ್ತಾರೆ. ಅರ್ಧ ಫೀಸು ನಾವು ಕಟ್ಟುತ್ತೇವೆ, ಇವರೂ ಒಪ್ಪಿದ್ದಾರೆ, ಒಪ್ಪಿಸಿದ್ದಲ್ಲ. ಉಳಿದದ್ದಕ್ಕೆ ಪುಟ್ಟಿ ಹೆಸರಲ್ಲೇ ಎಜುಕೇಷನ್ ಲೋನು ತೆಗೆಯಲಿ, ನಾನು ಜಾಮೀನು ನಿಲ್ಲುತ್ತೇನೆ. ಕಾಲೇಜಿನವರ ಸಹಾಯಧನಕ್ಕೆ ಇನ್ನೂ ಅರ್ಜಿ ಹಾಕಬಹುದಾ ಅಂತ ಸೋಮವಾರ ನಾನೇ ಕೇಳುತ್ತೇನೆ. ಪಾರ್ಟಿಯವರಿಗೆ "ಮಗಳು ಬೇಡ ಅಂದಳು" ಅಂತ ನನ್ನ ಹೆಸರೇ ಹೇಳಿ. ಟೋಕನ್ ಮಾತ್ರ ಮುಟ್ಟಬೇಡಿ.

ಪುಟ್ಟಿ, ನೀನೂ ಇದನ್ನು ಓದುತ್ತೀಯ ಅಂತ ಗೊತ್ತು. ಬಾ. ಖಂಡಿತ ಬಾ. 1948ರವರೆಗೆ ಹೆಂಗಸರಿಗೆ ಪೂರ್ತಿ ಡಿಗ್ರಿಯನ್ನೇ ಕೊಡದಿದ್ದ ಜಾಗ ಅದು, ನೀನು ತಲೆ ಎತ್ತಿಕೊಂಡು ಬಾ. ಮೊದಲ ಫಾರ್ಮಲ್ ಊಟಕ್ಕೆ ಹೊರಗಿನವರನ್ನು ಕರೆತರಲು ಬಿಟ್ಟರೆ ನಾನೇ ರೈಲು ಹತ್ತಿ ಬಂದು ನಿನ್ನ ಪಕ್ಕ ಕೂರುತ್ತೇನೆ, ಕಿಂಗ್ಸ್ ಕ್ರಾಸಿನಿಂದ ಒಂದು ಗಂಟೆಯೂ ಇಲ್ಲ. ಮೂಲೆಯಲ್ಲಿ ಸುಮ್ಮನೆ ಕೂತವರು ಕಂಡರೆ ನೀನೇ ಹೋಗಿ ಮಾತಾಡಿಸು. ಸಣ್ಣ ಕುಕ್ಕರು ನನ್ನ ಹತ್ತಿರವೇ ಇದೆ, ಅಲ್ಲಿಂದ ಹೊತ್ತು ತರಬೇಡ.

ಅಪ್ಪ, ನನ್ನ ಬಗ್ಗೆ ಈಗ ಚಿಂತೆ ಹಚ್ಚಿಕೊಳ್ಳಬೇಡಿ, ಅದೆಲ್ಲ ಹಳೇ ಮಾತು. ನಿಜವಾಗಿಯೂ ಚೆನ್ನಾಗಿದ್ದೇನೆ, ಊಟ ಚೆನ್ನಾಗಿದೆ, ತೂಕವೂ ಜಾಸ್ತಿಯಾಗಿದೆ, ಬೇಕಾದರೆ ರಘುವನ್ನೇ ಕೇಳಿ. ಬಿಪಿ ಮಾತ್ರೆ ಬಿಡಬೇಡಿ. ಕೋಟೆ ಹೈಸ್ಕೂಲಿನ ರಾಮನವಮಿ ಕಚೇರಿಗೆ ಹೋದರೆ ರಾತ್ರಿ ಆಟೋದಲ್ಲೇ ಬನ್ನಿ, ನಡೆದುಕೊಂಡು ಬರಬೇಡಿ. ಅಮ್ಮ, ಮಂಡಿಗೆ ಎಣ್ಣೆ ಕಳಿಸಿದ್ದೇನೆ. ಕಮಲತ್ತೆಗೆ ಚಾಕಲೇಟು ಡಬ್ಬ ಬೇರೆ ಇಟ್ಟಿದ್ದೇನೆ, ಹಸಿರು ಕವರಿನದು.

ರಘು ಸೂಟ್‌ಕೇಸು ಮುಚ್ಚುತ್ತಿದ್ದಾನೆ, ಕೊಡು ಕೊಡು ಅಂತಿದ್ದಾನೆ. ಮಂಗಳವಾರ ರಾತ್ರಿ ಎಂಟಕ್ಕೆ ಫೋನು ಮಾಡುತ್ತೇನೆ, ಅಲ್ಲಿಯವರೆಗೆ ಸಹಿ ಬೇಡ.

ನಿಮ್ಮ ಮಗಳು,
ಚಿನ್ನಿ